ಪಾರಿಶ್ವಾಡದ ಸನ್ಮಾನ

ಖಾನಾಪುರ
ಶನಿವಾರ, ೮ ನವೆಂಬರ್ ೨೦೨೫

ಬೆಳಗಾವಿಯಲ್ಲಿರುವ ಶ್ರೀ ಗುರುಪಾದಪ್ಪನವರಿಗೆ, ಖಾನಾಪುರದ ಮನೆಯಿಂದ ಗಂಗಾದೇವಿ ಮಾಡುವ ಶರಣಾರ್ಥಿ.

ಶರಣಾರ್ಥಿ ಎಂದದ್ದು ರೂಢಿಗೆ. ಅದನ್ನು ಗೌರವ ಎಂದು ಓದಿಕೊಂಡು ಎದೆ ಉಬ್ಬಿಸಬೇಡಿ. ನೀವು ಮನೆ ಬಿಟ್ಟು ಹೋದ ಇಪ್ಪತ್ತೆರಡು ವರ್ಷದಲ್ಲಿ ಇದು ನಾನು ನಿಮಗೆ ಬರೆಯುತ್ತಿರುವ ಮೊದಲ ಪತ್ರ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀವು ‘ಹ್ಞೂಂ’ ಎನ್ನುತ್ತೀರಿ, ಇನ್ನೊಂದು ಸಲ ‘ಹ್ಞೂಂ’ ಎನ್ನುತ್ತೀರಿ, ಆಮೇಲೆ ಮಗಳ ಕೈಗೆ ಕೊಟ್ಟು ಮಾಳಿಗೆ ಹತ್ತಿ ಹೋಗುತ್ತೀರಿ. ಪತ್ರವನ್ನಾದರೆ ಕೊನೆಯವರೆಗೆ ಓದಲೇಬೇಕು, ಯಾಕೆಂದರೆ ಕೊನೆಯಲ್ಲಿ ನಿಮ್ಮಿಂದ ಒಂದು ಸಹಿ ಬೇಕಾಗಿದೆ. ಇದರ ಜೊತೆ ಇಟ್ಟಿರುವ ನೀಲಿ ಕಾಗದದ ಕೆಳಗೆ ‘ದಾನಿಯ ಸಹಿ’ ಎಂದು ಅಚ್ಚಾಗಿರುವ ಜಾಗದಲ್ಲಿ. ಇಪ್ಪತ್ತನೆಯ ತಾರೀಖಿನ ಒಳಗೆ. ಅದರ ಮೇಲೆ ನಮ್ಮ ಅವ್ವನ ವಿಷಯ ನಿಂತಿದೆ. ಓದದೆ ಸಹಿ ಹಾಕಿದರೆ ನನಗೆ ಗೊತ್ತಾಗುತ್ತದೆ.

ನಿಮ್ಮ ಮ್ಯೂಜಿಯಂ ನೋಡಿ ಬಂದೆ. ಪೂರ್ಣಿಮಾ ಎರಡು ತಿಂಗಳಿಂದ ಜೀವ ತಿಂದಿದ್ದಳು. “ಅವ್ವಾ, ಅಪ್ಪನ ಫೋಟೋಕ್ಕ ಒಂದು ಇಡೀ ಖೋಲಿ ಕೊಟ್ಟಾರ, ಒಮ್ಮಿ ಬಂದು ನೋಡಬಾರದೇನ?” ಎಂದು ಫೋನಿನಲ್ಲಿ ಹಾಡಿದ್ದೇ ಹಾಡು. ಮಗಳ ಜೊತೆ ಹೋದರೆ ಅವಳು ನನ್ನ ಮುಖವನ್ನೇ ನೋಡುತ್ತ ನಿಲ್ಲುತ್ತಾಳೆ, ಆಮೇಲೆ ನಿಮಗೆ ವರದಿ ಒಪ್ಪಿಸುತ್ತಾಳೆ. ಅದಕ್ಕೆ ಹೇಳದೆ ಕೇಳದೆ ಗುರುವಾರ ಒಬ್ಬಳೇ ಬಸ್ಸು ಹತ್ತಿದೆ. ಪೀರನವಾಡಿಯವರೆಗೆ ನಿಂತೇ ಹೋದೆ. ಗುರುಪಾದಪ್ಪನವರ ಕೀರ್ತಿ ನೋಡಲು ಅಷ್ಟಾದರೂ ಕಷ್ಟಪಡಬೇಕಲ್ಲ.

ಅದಕ್ಕೆ ‘ಬೆಳಕಿಂಡಿ’ ಎಂದು ಹೆಸರಿಟ್ಟಿದ್ದಾರೆ. ಬೆಳಗಾವಿ ಕ್ಯಾಂಪ್ ಪ್ರದೇಶದ ಹಳೆಯ ಬಂಗಲೆ, ಮೇಲೆ ಹಂಚು, ಸುತ್ತ ಹುಲ್ಲು. ಒಳಗೆ ಹೋದರೆ ಇದ್ದ ಕಿಟಕಿಗಳಿಗೆಲ್ಲ ಕರಿ ಬಟ್ಟೆ ಹೊಡೆದಿದ್ದಾರೆ. ಒಂದು ಕಿಂಡಿಯಲ್ಲೂ ಬೆಳಕಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡಬೇಕೇ ಎಂದು ಕೇಳಿದೆ. ಅಲ್ಲಿದ್ದ ಹುಡುಗಿ ನಕ್ಕು “ಬ್ಯಾಡ್ರಿ ಅಜ್ಜಿ, ಇದೇನು ಗುಡಿ ಅಲ್ಲ” ಎಂದಳು. ಮಾತಾಡುವ ರೀತಿ ಮಾತ್ರ ಗುಡಿಯಲ್ಲಿ ಮಾತಾಡಿದ ಹಾಗೆ, ಪಿಸುಪಿಸು. ಅವಳ ಹೆಸರು ಸಾನಿಕಾ. ಮನೆಯಲ್ಲಿ ಮರಾಠಿ, ಇಲ್ಲಿ ಕನ್ನಡ, ಕೊರಳಲ್ಲಿ ಒಂದು ಗುರುತಿನ ಚೀಟಿ. ಬಂದವರಿಗೆ ತೋರಿಸಿ ವಿವರಿಸುವುದು ಅವಳ ಕೆಲಸ. ಅವಳಿಗೆ ನಾನು ಯಾರೆಂದು ಹೇಳಲಿಲ್ಲ.

ಮೊದಲ ಕೋಣೆಯಲ್ಲಿ ಹಳೆಯ ಕ್ಯಾಮೆರಾಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಕೂರಿಸಿದ್ದಾರೆ. ಒಂದಕ್ಕೂ ಧೂಳಿಲ್ಲ; ಕೆಲಸ ಮಾಡುವ ಕ್ಯಾಮೆರಾ ಯಾವತ್ತಾದರೂ ಹಾಗಿರುತ್ತದೆಯೇ? ಎರಡನೆಯದರಲ್ಲಿ ಟೂರಿಂಗ್ ಟಾಕೀಸಿನ ಪ್ರೊಜೆಕ್ಟರು, ಅದರ ಪಕ್ಕ ಹರಿದ ಎರಡು ಕುರ್ಚಿ. ಆ ಕುರ್ಚಿಗಳ ಮೇಲೆ ಕುಳಿತುಕೊಳ್ಳಬಾರದು ಎಂದು ಬೋರ್ಡು. ಕುಳಿತುಕೊಳ್ಳಬಾರದ ಕುರ್ಚಿ ನೋಡಲು ಜನ ಟಿಕೀಟು ತೆಗೆಸುತ್ತಾರೆ. ಮೂರನೆಯದು ಪೂರ್ತಿ ಕತ್ತಲು. ಗೋಡೆಯ ಮೇಲೆ ಒಂದು ನಳ, ನಳದಿಂದ ಹನಿ, ಹನಿ, ಹನಿ. ಇಪ್ಪತ್ತು ನಿಮಿಷದ ಸಿನೆಮಾವಂತೆ. ದಿಂಬಿಗೆ ಒರಗಿ ಇಬ್ಬರು ಅದನ್ನು ಬಾಯಿ ತೆರೆದು ನೋಡುತ್ತಿದ್ದರು. ನಮ್ಮ ಓಣಿಗೆ ಬಂದರೆ ಎಂಟು ದಿನಕ್ಕೊಮ್ಮೆ ಪುಕ್ಕಟೆ ತೋರಿಸುತ್ತೇನೆ, ಬಿಂದಿಗೆ ಅವರೇ ತರಲಿ.

ನಾಲ್ಕನೆಯದು ನಿಮ್ಮದು. ಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿ ನಿಮ್ಮ ಹೆಸರು, ಪಕ್ಕದಲ್ಲಿ ನಿಮ್ಮ ಫೋಟೋ, ಗಲ್ಲಕ್ಕೆ ಕೈಕೊಟ್ಟು ದೂರ ನೋಡುತ್ತಿರುವುದು. ಆ ಕೈಯನ್ನು ಗಲ್ಲಕ್ಕೆ ಇಡಿಸಿದವರು ಯಾರು? ಕೆಳಗೆ ‘ಗಡಿನಾಡಿನ ಮುಖಗಳನ್ನು ನಾಲ್ಕು ದಶಕ ದಾಖಲಿಸಿದ ಏಕಾಂಗಿ ಸಾಧಕ’ ಎಂದು ಬರೆದಿದ್ದಾರೆ. ಏಕಾಂಗಿಯಂತೆ! ನಾನು ಅಲ್ಲಿಯೇ ಗಟ್ಟಿಯಾಗಿ ನಕ್ಕೆ. ಸಾನಿಕಾ ಗಾಬರಿಯಾಗಿ ನೀರು ಬೇಕೇ ಎಂದು ಕೇಳಿದಳು. ಈ ಏಕಾಂಗಿಗೆ ಮೂರು ಹೊತ್ತು ರೊಟ್ಟಿ ಬಡಿದವಳು ಯಾರು, ಇಪ್ಪತ್ತೈದು ವರ್ಷ ಇವನ ಫೋಟೋದಲ್ಲಿದ್ದವರ ಸಿಡುಬಿನ ಕಲೆ ಮುಚ್ಚಿ, ಮೆಳ್ಳಗಣ್ಣು ನೆಟ್ಟಗೆ ಮಾಡಿ, ಕರಿ ಹುಡುಗಿಯರನ್ನು ಗಂಡಿನ ಕಡೆಯವರಿಗಾಗಿ ಬೆಳ್ಳಗೆ ಮಾಡಿ ಕೊಟ್ಟವಳು ಯಾರು ಎಂದು ಕೇಳಬೇಕೆನಿಸಿತು. ಅವಳು ಕೊಟ್ಟ ನೀರು ಕುಡಿದೆ.

ಆಮೇಲೆ ನನ್ನ ಮೇಜು ಕಂಡಿತು. ಇಳಿಜಾರಿನ ಹಲಗೆ, ನಡುವೆ ಗಾಜು, ಗಾಜಿನ ಕೆಳಗೆ ಬೆಳಕು ಹಿಡಿಯಲು ಕನ್ನಡಿ. ನೆಗೆಟಿವನ್ನು ಗಾಜಿನ ಮೇಲಿಟ್ಟು ನಾನು ಸೀಸಕಡ್ಡಿಯಿಂದ ತಿದ್ದುತ್ತಿದ್ದ ಮೇಜು. ನೀವು ಮ್ಯೂಜಿಯಂಗೆ ದಾನ ಕೊಟ್ಟಿದ್ದೀರಿ. ದೊಡ್ಡ ಕರ್ಣ ನೀವು, ಅದೂ ಹೆಂಡತಿಯ ವಸ್ತು ಕೊಡುವಾಗ. ಅದರ ಮೇಲೆ ಚೀಟಿ: ‘ಛಾಯಾಗ್ರಾಹಕರ ಬರವಣಿಗೆಯ ಮೇಜು’. ನೀವು ಜನ್ಮದಲ್ಲಿ ಏನು ಬರೆದಿದ್ದೀರಿ? ಕಿರಾಣಿ ಅಂಗಡಿಯ ಯಾದಿಯನ್ನೂ ನಾನೇ ಬರೆದುಕೊಡಬೇಕಿತ್ತು. ಮೇಜಿನ ಮೇಲೆ ಒಂದು ಫೌಂಟನ್ ಪೆನ್ನು ಬೇರೆ ಇಟ್ಟಿದ್ದಾರೆ, ಎಲ್ಲಿಂದ ತಂದರೋ! ನನ್ನ ಮೂರು ಎಳೆಯ ಕುಂಚ ಎಲ್ಲಿ ಹೋಯಿತು ಎಂದು ಹುಡುಕಿದೆ. ಸಿಗಲಿಲ್ಲ.

ಇಷ್ಟಕ್ಕೇ ಆಗಿದ್ದರೆ ಬೈದುಕೊಂಡು ಸುಮ್ಮನೆ ಮನೆಗೆ ಬರುತ್ತಿದ್ದೆ, ಪತ್ರ ಬರೆಯುತ್ತಿರಲಿಲ್ಲ. ಮೇಜಿನ ಪಕ್ಕದ ಗೋಡೆಯಲ್ಲಿ ನಮ್ಮ ಅಪ್ಪ ಕುಳಿತಿದ್ದ.

ನಿಮಗೆ ಗೊತ್ತಿರುವುದೇ. ಆದರೂ ಬರೆಯುತ್ತೇನೆ, ಯಾಕೆಂದರೆ ಈ ಪತ್ರವನ್ನು ನೀವು ಮ್ಯೂಜಿಯಂನವರಿಗೂ ತೋರಿಸಬೇಕಾಗಬಹುದು. ನಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಹೊಸ ಧೋತರ ಉಡಿಸಿ, ಗೋಡೆಗೆ ಒರಗಿಸಿ ಕೂರಿಸುತ್ತೇವೆ. ಕೊರಳಿಗೆ ಮಾಲೆ ಹಾಕುತ್ತೇವೆ. ಬದುಕಿದ್ದಾಗ ಒಂದು ಫೋಟೋ ತೆಗೆಸದ ಜನ ಆಗ ಸ್ಟುಡಿಯೋಕ್ಕೆ ಹೇಳಿ ಕಳಿಸುತ್ತಿದ್ದರು. ನೀವು ಸೈಕಲ್ಲಿಗೆ ಕ್ಯಾಮೆರಾ ಕಟ್ಟಿಕೊಂಡು ಹೋಗಿ ತೆಗೆಯುತ್ತಿದ್ದಿರಿ. ಬಂದ ಮೇಲೆ ಅವರ ಮನೆಯವರು ನನ್ನ ಮುಂದೆ ಕೈಮುಗಿದು ನಿಲ್ಲುತ್ತಿದ್ದರು. “ಅಕ್ಕಾರ, ಕಣ್ಣು ತೆರೆಸಿ ಕೊಡ್ರಿ” ಎನ್ನುತ್ತಿದ್ದರು. ನೀವು ದೊಡ್ಡ ಪ್ರಿಂಟು ಹಾಕಿ ಕೊಡುತ್ತಿದ್ದಿರಿ, ನಾನು ಅದರ ಮೇಲೆ ಕುಂಚದಿಂದ ರೆಪ್ಪೆ ಎತ್ತಿ ಕಣ್ಣು ಬರೆಯುತ್ತಿದ್ದೆ, ಅದನ್ನು ನೀವು ಮತ್ತೆ ಕ್ಯಾಮೆರಾದಲ್ಲಿ ತೆಗೆದು ಹೊಸ ಪ್ರಿಂಟು ಮಾಡುತ್ತಿದ್ದಿರಿ. ಖಾನಾಪುರ ತಾಲ್ಲೂಕಿನಲ್ಲಿ ಗೋಡೆಯ ಮೇಲೆ ಕುಳಿತು ಮೊಮ್ಮಕ್ಕಳನ್ನು ನೋಡುತ್ತಿರುವ ಎಷ್ಟೋ ಅಜ್ಜಂದಿರ ಕಣ್ಣು ನನ್ನ ಕೈಯವು.

ನಮ್ಮ ಅಪ್ಪ ಮುತ್ತಪ್ಪ ಪಾರಿಶ್ವಾಡದ ಮನೆಯ ಪಡಸಾಲೆಯಲ್ಲಿ ಕುಳಿತಿದ್ದಾನೆ, ಎಂಬತ್ನಾಲ್ಕರ ಮಾಘ ಮಾಸದಲ್ಲಿ, ಸತ್ತು ಐದು ತಾಸಾದ ಮೇಲೆ. ಅದರ ಕೆಳಗೆ ನಿಮ್ಮ ಪಂಡಿತರು ಅಂಟಿಸಿದ ಚೀಟಿ ಓದಿ: ‘ಸನ್ಮಾನ ಸಮಾರಂಭ, ಪಾರಿಶ್ವಾಡ. ಹೂಮಾಲೆ ಧರಿಸಿದ ಗ್ರಾಮದ ಹಿರಿಯರು ಕುಟುಂಬದೊಂದಿಗೆ. ಛಾಯಾಗ್ರಹಣ ಮತ್ತು ಸಂಸ್ಕರಣ: ಗುರುಪಾದಪ್ಪ.’

ಸನ್ಮಾನ! ಹಿಂದೆ ನಿಂತವರ ಮುಖ ನೋಡಿದರೆ ಗೊತ್ತಾಗುವುದಿಲ್ಲವೇ? ಅಣ್ಣನ ತಲೆಯ ಮೇಲೆ ರುಮಾಲಿಲ್ಲ, ಚಿಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಾಳೆ. ಯಾವ ಸನ್ಮಾನದಲ್ಲಿ ಮನೆಮಂದಿ ಹೀಗೆ ನಿಲ್ಲುತ್ತಾರೆ? ಸಾನಿಕಾ ನನ್ನ ಪಕ್ಕ ನಿಂತು, ಉತ್ತರ ಕರ್ನಾಟಕದ ಜನರ ಗಾಂಭೀರ್ಯ, ಹಿರಿಯರ ನೋಟದಲ್ಲಿರುವ ಆತ್ಮಗೌರವ ಎಂದು ಬಾಯಿಪಾಠ ಒಪ್ಪಿಸಿದಳು. ಬಾಜೂ ನಿಂತ ಕಾಲೇಜಿನ ಹುಡುಗಿಯೊಬ್ಬಳು ಗೆಳತಿಗೆ “ಅಜ್ಜನ ಕಣ್ಣು ನೋಡಲೇ, ನಮ್ಮನ್ನ ನೋಡಾಕತ್ತಾನ” ಎಂದಳು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಆ ಹುಡುಗಿ ಹಾಗೆಂದಾಗ ನನಗೆ ಸಿಟ್ಟಿನ ಜೊತೆ ಇನ್ನೊಂದು ಬಂತು. ಹೊರದೇಶದಲ್ಲಿ ಫೋಟೋಶಾಸ್ತ್ರ ಓದಿ ಬಂದ ಮ್ಯೂಜಿಯಂನವರು, ಭೂತಗನ್ನಡಿ ಹಿಡಿದು ನೋಡಿದವರು, ಒಬ್ಬರಿಗೂ ಅವನು ಸತ್ತಿದ್ದಾನೆಂದು ತಿಳಿಯಲಿಲ್ಲ. ನಲವತ್ತೊಂದು ವರ್ಷದಲ್ಲಿ ನನಗೆ ಸಿಕ್ಕ ಬಹುಮಾನ ಅದೊಂದೇ. ಚೀಟಿ ತಪ್ಪೆಂದು ಹೇಳಿದರೆ ಅಪ್ಪ ಮತ್ತೊಮ್ಮೆ ಸಾಯುತ್ತಾನೆ, ಹೇಳದಿದ್ದರೆ ನನ್ನ ಕೆಲಸಕ್ಕೆ ನಿಮ್ಮ ಹೆಸರು. ಯಾವುದು ಬೇಕು ಎಂದು ಯೋಚಿಸುತ್ತ ನಿಂತೆ. ಹೇಳದೆ ಬಂದುಬಿಡುತ್ತಿದ್ದೆನೋ ಏನೋ.

ಅಷ್ಟರಲ್ಲಿ ಸಾನಿಕಾ, “ಅಜ್ಜಿ, ಇಲ್ಲಿ ಬರ್ರಿ, ಒಂದು ಚಮತ್ಕಾರ ತೋರಸ್ತೀನಿ” ಎಂದು ಪಕ್ಕದ ಪರದೆಯ ಮುಂದೆ ಕರೆದುಕೊಂಡು ಹೋಗಿ ನಿಲ್ಲಿಸಿದಳು. ಹಳೆಯ ಫೋಟೋ ಹಾಕಿದರೆ ಕಂಪ್ಯೂಟರು ಅದನ್ನು ಅಲುಗಾಡಿಸುತ್ತದಂತೆ. ಗೋಡೆಯಷ್ಟು ದೊಡ್ಡ ಪರದೆಯಲ್ಲಿ ಅದೇ ಫೋಟೋ ಬಂತು, ನಡುವೆ ನಮ್ಮ ಅಪ್ಪನ ಮುಖ, ಸುತ್ತ ಮನೆಮಂದಿಯ ಮುಖ. ತಲೆ ಸ್ವಲ್ಪ ವಾಲಿಸಿದ. ನಕ್ಕ. ಅಪ್ಪ ಯಾವತ್ತೂ ಹಾಗೆ ನಗುತ್ತಿರಲಿಲ್ಲ, ಅದು ಯಾರದೋ ನಗು, ಟೂತ್‌ಪೇಸ್ಟಿನ ಜಾಹೀರಾತಿನದು. ಆಮೇಲೆ ಕಣ್ಣು ಮಿಟುಕಿಸಿದ. ರೆಪ್ಪೆ ಮುಚ್ಚಿದ ಆ ಒಂದು ಕ್ಷಣ ಅವನು ನಮ್ಮ ಅಪ್ಪನೇ ಆಗಿದ್ದ, ಮಾಘ ಮಾಸದ ಆ ಬೆಳಿಗ್ಗೆಯಂತೆಯೇ. ರೆಪ್ಪೆ ತೆರೆದ ಕೂಡಲೇ ಮತ್ತೆ ನನ್ನ ಕೈಬರಹ. ನನಗೆ ಅಳು ಬಂತು. ಸತ್ತವನನ್ನು ಕುಣಿಸುವ ಈ ಮಂಗನಾಟಕ್ಕೆ ಚಪ್ಪಾಳೆ ಹೊಡೆಯುವ ಜನ ಸುತ್ತಲೂ ಇದ್ದರು, ಅವರ ನಡುವೆ ನಿಂತು ಅತ್ತೆ.

ಅಳುತ್ತಲೇ ನನ್ನ ತಪ್ಪು ಕಂಡಿತು. ಚೌಕಟ್ಟಿನ ಫೋಟೋದಲ್ಲಿ ಕಾಣದ್ದು ಪರದೆಯ ಮೇಲೆ ತೆಂಗಿನಕಾಯಷ್ಟು ದೊಡ್ಡದಾಗಿತ್ತು. ತೆರೆದ ಕಣ್ಣಿನ ಗುಡ್ಡೆಯಲ್ಲಿ ಒಂದು ಬಿಳಿ ಚುಕ್ಕೆ ಹಾಕಬೇಕು, ಬೆಳಕು ಎಲ್ಲಿಂದ ಬರುತ್ತದೋ ಆ ಮಗ್ಗುಲಲ್ಲಿ; ಅದು ಇಲ್ಲದಿದ್ದರೆ ಕಣ್ಣು ತೆರೆದಿದ್ದರೂ ಜೀವ ಇರುವುದಿಲ್ಲ. ಪರದೆಯಲ್ಲಿ ಅಣ್ಣನ ಕಣ್ಣಲ್ಲಿ, ಚಿಗವ್ವನ ಕಣ್ಣಲ್ಲಿ, ಮಕ್ಕಳ ಕಣ್ಣಲ್ಲಿ ಚುಕ್ಕೆ ಬಲಕ್ಕಿದೆ. ಅಪ್ಪನದು ಎಡಕ್ಕೆ. ನಮ್ಮ ಸ್ಟುಡಿಯೋದ ದೊಡ್ಡ ಕಿಟಕಿ ಎಡಗಡೆ ಇತ್ತಲ್ಲ, ನೂರಾರು ಕಣ್ಣಿಗೆ ಎಡಕ್ಕೇ ಚುಕ್ಕೆ ಇಟ್ಟು ರೂಢಿಯಾದ ಕೈ, ಅಪ್ಪನಿಗೂ ಎಡಕ್ಕೇ ಇಟ್ಟಿದೆ. ಪಾರಿಶ್ವಾಡದ ಪಡಸಾಲೆಯಲ್ಲಿ ಕಿಟಕಿ ಬಲಗಡೆ. ಹುಟ್ಟಿ ಬೆಳೆದ ಮನೆಯ ಕಿಟಕಿ ಯಾವ ಕಡೆಗಿದೆ ಎಂದು ನಾನು ಮರೆತಿದ್ದೆ.

ತಿರುಗಿ ಚೌಕಟ್ಟಿನ ಫೋಟೋ ನೋಡಿದೆ. ಅದರಲ್ಲಿ ಕಿಟಕಿಯೇ ಇಲ್ಲ. ಬಲಗಡೆ ಅಣ್ಣನ ಭುಜಕ್ಕೆ ಸರಿಯಾಗಿ ಫೋಟೋ ಮುಗಿಯುತ್ತದೆ. ಅದರ ಕೆಳಗೆ ಗಾಜಿನ ಪೆಟ್ಟಿಗೆಯಲ್ಲಿ ದೀಪದ ಮೇಲೆ ನಿಮ್ಮ ಮೂಲ ನೆಗೆಟಿವನ್ನು ಇಟ್ಟಿದ್ದರು. ಈ ಶತಮೂರ್ಖರು ಒಬ್ಬರೂ ಅದನ್ನು ಬಗ್ಗಿ ನೋಡಿಲ್ಲ. ನೋಡಿದ್ದರೆ ಕಣ್ಣು ಮುಚ್ಚಿರುವುದು ಕಾಣುತ್ತಿತ್ತು. ಕರಿಯದು ಬಿಳಿಯಾಗಿ ಬಿಳಿಯದು ಕರಿಯಾಗಿ ಕಂಡರೆ ಅವರಿಗೆ ಓದಲು ಬರುವುದಿಲ್ಲ. ನನಗೆ ಬರುತ್ತದೆ. ಬಗ್ಗಿದೆ. ಬಲಗಡೆಯ ಅಂಚಿನಲ್ಲಿ ಕಿಟಕಿ ಇತ್ತು, ಕಿಟಕಿಯ ಸರಳು ಹಿಡಿದು ನಮ್ಮ ಅವ್ವ ನಿಂತಿದ್ದಳು.

ಬಾಳವ್ವ. ನಮ್ಮ ಅವ್ವನ ಹೆಸರು ನಿಮಗೆ ನೆನಪಿದೆಯೋ ಇಲ್ಲವೋ ಎಂದು ಬರೆದೆ. ಅವಳ ಇನ್ನೊಂದು ಫೋಟೋ ಈ ಲೋಕದಲ್ಲಿ ಇಲ್ಲ. ನಾನು ಮೂರು ದಿನ ಅತ್ತುಕೊಂಡು ಅಪ್ಪನ ಕಣ್ಣು ಬರೆದದ್ದನ್ನು ಕಂಡವಳು, “ನಾ ಸತ್ತಾಗ ಫೋಟೋ ತಗೀಬ್ಯಾಡ್ರಿ, ನನ್ನ ಮಗಳು ಮತ್ತ ಕುಂತು ನನ್ನ ಕಣ್ಣು ಬರಿಯೂದು ಬ್ಯಾಡ” ಎಂದು ಆಣೆ ಹಾಕಿಸಿಕೊಂಡು ತೊಂಬತ್ತೊಂದರಲ್ಲಿ ಹೋದಳು. ಅವಳ ಮುಖ ನನಗೆ ಈಗೀಗ ಸರಿಯಾಗಿ ನೆನಪಾಗುತ್ತಿರಲಿಲ್ಲ. ಮೂಗಿನ ಕೆಳಗೆ ಬಂದರೆ ಮಸುಕಾಗುತ್ತಿತ್ತು. ಗುರುವಾರ ನೋಡಿದೆ. ಬಾಯಿ ನನ್ನದೇ.

ಎಂಬತ್ನಾಲ್ಕರಲ್ಲಿ ನೀವು ಪೂರ್ತಿಯಾದ ಫೋಟೋ ಚೌಕಟ್ಟು ಹಾಕಿಸಿ ತಂದಾಗ, ಅವ್ವ ಎಲ್ಲಿ ಎಂದು ಕೇಳಿದೆ. “ಫ್ರೇಮಿನಾಗ ಹಿಡೀಲಿಲ್ಲ” ಎಂದಿರಿ. ನಾನು ಕಣ್ಣು ಬರೆದ ಪ್ರಿಂಟಿನ ಅಂಚಿನಲ್ಲಿ ಅವ್ವ ಇದ್ದಳು, ಅಪ್ಪನ ಮುಖ ಬಿಟ್ಟು ಬೆಳಕು ಯಾವ ಕಡೆಯದೆಂದು ನಾನು ನೋಡಿರಲಿಲ್ಲ ಅಷ್ಟೆ; ನಿಮ್ಮ ಮಾತು ಸುಳ್ಳೆಂದು ನನಗೆ ಅಂದೇ ಗೊತ್ತಿತ್ತು. ಹಿಂದಿನ ದಿನವಷ್ಟೇ ನಿಮ್ಮ ತಾಯಿ, ಬೋಳು ಹಣೆಯವಳ ಫೋಟೋ ಗೋಡೆಗೆ ಹಾಕಿದರೆ ಮನೆಗೆ ಒಳ್ಳೆಯದಲ್ಲ ಎಂದು ಅಡುಗೆಮನೆಯಲ್ಲಿ ಕುಳಿತು ಹೇಳಿದ್ದರು. ಎರಡೂ ಕೂಡಿಸಿದೆ. ಬಾಯಲ್ಲಿ ಬಸವಣ್ಣ, ಕೈಯಲ್ಲಿ ಕತ್ತರಿ. ಇಂಥ ಗಂಡಸಿನ ಜೊತೆ ಮದುವೆಯಾಯಿತಲ್ಲ ಎಂದುಕೊಂಡೆ. ಅಂದಿನಿಂದ ನಿಮ್ಮ ಬಗ್ಗೆ ನನಗೆ ಇದ್ದದ್ದು ಸಿಟ್ಟಲ್ಲ, ಹೇಸಿಗೆ. ಸಿಟ್ಟಾಗಿದ್ದರೆ ಎಂದೋ ಇಳಿಯುತ್ತಿತ್ತು.

ಎರಡು ಸಾವಿರದ ಮೂರರಲ್ಲಿ ನೀವು ಕಂಪ್ಯೂಟರು ತಂದು, “ಇನ್ನ ನೀ ಕಣ್ಣು ಹಾಳು ಮಾಡ್ಕೋಬ್ಯಾಡ, ಇದ ಎಲ್ಲಾ ಮಾಡ್ತೈತಿ” ಎಂದು ನನ್ನ ಮೇಜನ್ನು ಸ್ಟುಡಿಯೋದ ಅಟ್ಟಕ್ಕೆ ಹಾಕಿದ ದಿನ, ನಾನು ಆ ಹೇಸಿಗೆಯನ್ನೆಲ್ಲ ನಿಮ್ಮ ಮುಖಕ್ಕೆ ಉಗುಳಿದೆ. ನಮ್ಮ ಅವ್ವನನ್ನು ಕತ್ತರಿಸಿದವರು ನೀವು, ಈಗ ನನ್ನನ್ನು ಕತ್ತರಿಸುತ್ತೀರಿ ಎಂದೆ. ನೀವು ಲೆನ್ಸು ಒರೆಸುತ್ತ ನಿಂತಿರಿ. ಒರೆಸಿದಿರಿ, ಒರೆಸಿದಿರಿ, ಆಮೇಲೆ ಬೆಳಗಾವಿಗೆ ಹೋದಿರಿ.

ಗುರುವಾರ ಆ ಗಾಜಿನ ಪೆಟ್ಟಿಗೆಯ ಮೇಲೆ ಬಗ್ಗಿ ನಿಂತಾಗ ಎಲ್ಲ ತಿಳಿಯಿತು. ನೀವು ಕತ್ತರಿಸಿದ್ದು ಅವ್ವನನ್ನಲ್ಲ, ಕಿಟಕಿಯನ್ನು. ಕಿಟಕಿ ಫೋಟೋದಲ್ಲಿದ್ದರೆ ನೋಡಿದವರಿಗೆಲ್ಲ ಬೆಳಕು ಬಲಗಡೆಯಿಂದ ಬರುತ್ತಿರುವುದು ಕಾಣುತ್ತಿತ್ತು, ಅಪ್ಪನ ಕಣ್ಣು ಬರೆದದ್ದೆಂದು ಸಿಕ್ಕಿಬೀಳುತ್ತಿತ್ತು. ಅವ್ವ ಆ ಕಿಟಕಿಯ ಸರಳು ಹಿಡಿದು ನಿಂತದ್ದಕ್ಕೆ ಅವಳೂ ಹೋದಳು. ನನ್ನ ತಪ್ಪು ಮುಚ್ಚಲು ನೀವು ಹಾಗೆ ಮಾಡಿದಿರಿ.

ಹೇಳಿದ್ದರೆ ಏನಾಗುತ್ತಿತ್ತು? ಆ ಚುಕ್ಕೆ ಕೆರೆದು ಈ ಕಡೆ ಹಾಕಲು ನನಗೆ ಹತ್ತು ನಿಮಿಷದ ಕೆಲಸ. ಯಾಕೆ ಹೇಳಲಿಲ್ಲ ಎಂಬುದೂ ನೆನಪಾಯಿತು. ಮೂರನೆಯ ದಿನ ಕುಂಚ ಕೆಳಗಿಟ್ಟು ನಾನು ನಿಮ್ಮನ್ನು ಕೂಗಿ ಕರೆದಿದ್ದೆ. “ನೋಡ್ರಿ, ಅಪ್ಪಾ ನನ್ನ ಕಡೆ ನೋಡಾಕತ್ತಾನ” ಎಂದು ನಕ್ಕಿದ್ದೆ, ಅವನು ಹೋದ ಮೇಲೆ ಮೊದಲ ಸಲ. ನೀವು ಪ್ರಿಂಟನ್ನು ಬಹಳ ಹೊತ್ತು ನೋಡಿದಿರಿ. ಎತ್ತಿಕೊಂಡು ಡಾರ್ಕ್‌ರೂಮಿಗೆ ಹೋದಿರಿ.

ಇದನ್ನು ದೊಡ್ಡತನ ಎಂದುಕೊಂಡಿದ್ದರೆ ಆ ಭ್ರಮೆ ಬಿಡಿ. ಇದು ಪುಕ್ಕಲುತನ. ಹೆಂಡತಿ ಅಳುತ್ತಾಳೆ ಎಂದು ಹೆದರಿ ನಲವತ್ತೊಂದು ವರ್ಷ ಬಾಯಿಗೆ ಬೀಗ ಹಾಕಿಕೊಳ್ಳುವವನನ್ನು ಇನ್ನೇನೆಂದು ಕರೆಯಬೇಕು? ಅವ್ವ ಹೋದಾಗ ಅವಳದೊಂದು ಫೋಟೋ ಇಲ್ಲವಲ್ಲ ಎಂದು ನಾನು ಗೋಡೆಗೆ ತಲೆ ಚಚ್ಚಿಕೊಂಡೆ. ಆ ನೆಗೆಟಿವು ನಿಮ್ಮ ತಗಡಿನ ಪೆಟ್ಟಿಗೆಯಲ್ಲಿತ್ತು. ಆಗಲೂ ಹೇಳಲಿಲ್ಲ. ನಾನು ನಿಮ್ಮ ಮೇಲೆ ಉಗುಳಿದ ದಿನವೂ ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು, ನೀವು ಮಗಳ ಮಾಳಿಗೆಯಲ್ಲಿ, ನಾನಿಲ್ಲಿ ಎರಡು ರೊಟ್ಟಿ ಬಡಿದುಕೊಂಡು ಇರಬೇಕಾಗಿರಲಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ನಿಮ್ಮ ಬಂಗಾರ ತೆಗೆದುಕೊಂಡು ಹಳ್ಳಕ್ಕೆ ಹಾಕಿ.

ನನ್ನದೂ ಇದೆ, ಬರೆದುಬಿಡುತ್ತೇನೆ. ನಾನು ಮತ್ತೆ ಕೇಳಲಿಲ್ಲ. ಒಂದು ಸಲ ಕೇಳಿ, ಸುಳ್ಳು ಉತ್ತರ ಸಿಕ್ಕಿತೆಂದು, ಉಳಿದದ್ದನ್ನು ನಾನೇ ಬರೆದುಕೊಂಡೆ. ಅದು ನನ್ನ ಕೈಗೆ ಹತ್ತಿದ ಚಾಳಿ, ಇಲ್ಲದ್ದನ್ನು ತುಂಬಿಕೊಂಡು ಬರೆಯುವುದು.

ಸಾನಿಕಾ ಒಂದು ಸ್ಟೂಲು ತಂದಳು. “ಕುಂದರ್ರಿ ಅಜ್ಜಿ, ಯಾಕ್ರಿ, ಏನಾತ್ರಿ?” ಎಂದಳು. ಆಗ ಹೇಳಿದೆ, ಇವನು ನಮ್ಮಪ್ಪ, ಸತ್ತಿದ್ದಾನೆ, ಕಣ್ಣು ನಾನು ಬರೆದದ್ದು ಎಂದು. ಅವಳು ಎರಡೂ ಕೈ ಬಾಯಿಗಿಟ್ಟುಕೊಂಡಳು. ಮೊದಲು ಪರದೆ ಆರಿಸಿದಳು, ಯಾರನ್ನೂ ಕೇಳದೆ. ಆ ಹುಡುಗಿಯ ಬಗ್ಗೆ ಮೇಲೆ ಬರೆದ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಈ ಫೋಟೋದ ಬಗ್ಗೆ ನೀವು ಏನು ಹೇಳಿದಿರಿ ಎಂದು ವಿಚಾರಿಸಿದೆ. “ಅಜ್ಜಾರು ಏನೂ ಹೇಳಲಿಲ್ರಿ. ಕೇಳಿದ್ರ, ನಿಮಗ ತಿಳದದ್ದ ಬರೀರಿ ಅಂದು ಎದ್ದು ಹೋದ್ರು” ಎಂದಳು. ಅಲ್ಲಿಯೂ ಅದೇ ಚಾಳಿ.

ಅವಳ ಮೇಲಿನ ಅಧಿಕಾರಿ ಬಂದ, ವಿನೀತ ಎಂದು. ಚೀಟಿ ಬರೆದ ಪಂಡಿತ ಅವನೇ. ನಾನು ಹೇಳಿದ್ದನ್ನೆಲ್ಲ ಕೇಳಿ, ಕಣ್ಣಿನ ಚುಕ್ಕೆಯನ್ನು ನೋಡಿ, ನೆಗೆಟಿವನ್ನು ನೋಡಿ, ಕಿವಿ ಕೆಂಪಗೆ ಮಾಡಿಕೊಂಡು, “ಅಮ್ಮಾರ, ನೀವು ಹೇಳೂದು ಖರೇ ಕಾಣಸ್ತದ. ಆದ್ರ ದಾನ ಕೊಟ್ಟವರ ಸಹಿ ಇಲ್ಲದ ನನಗ ಒಂದು ಅಕ್ಷರನೂ ಬದಲಿ ಮಾಡಾಕ ಬರೂದಿಲ್ರಿ” ಎಂದ. ಇಪ್ಪತ್ತಕ್ಕೆ ಅವರ ಪುಸ್ತಕ ಅಚ್ಚಿಗೆ ಹೋಗುತ್ತದಂತೆ. ಅದರಲ್ಲಿ ಹೋದದ್ದು ಮುಂದೆ ಎಲ್ಲ ಕಡೆ ಹಾಗೆಯೇ ಹೋಗುತ್ತದೆ. ಗೋಡೆಯಲ್ಲಿ ಒಂದು ಚೌಕಟ್ಟಿಗೆ ಮಾತ್ರ ಜಾಗ. ಈಗಿರುವುದೋ, ಅಥವಾ ನೆಗೆಟಿವಿನಿಂದ ಹೊಸದಾಗಿ ಪ್ರಿಂಟು ಹಾಕಿ ಅದೋ, ನೀವಿಬ್ಬರೂ ಸೇರಿ ಹೇಳಿ ಎಂದ. ಈಗಿರುವುದರಲ್ಲಿ ಅಪ್ಪ ಜೀವಂತ ಇದ್ದಾನೆ, ಅವ್ವ ಇಲ್ಲ. ನೆಗೆಟಿವಿನಲ್ಲಿ ಅವ್ವ ಇದ್ದಾಳೆ, ಅಪ್ಪ ಸತ್ತಿದ್ದಾನೆ.

ಎರಡು ದಿನ ಯೋಚಿಸಿದೆ. ನಾನು ಮಾಡಿದ ಎಲ್ಲ ಕೆಲಸದಲ್ಲಿ ಆ ಕಣ್ಣುಗಳಷ್ಟು ಚೆನ್ನಾಗಿ ಇನ್ನೊಂದನ್ನು ಮಾಡಿಲ್ಲ, ಚುಕ್ಕೆ ತಪ್ಪಿದ್ದರೂ. ಅದನ್ನು ಇಳಿಸಿ ಎಂದು ನನ್ನ ಕೈಯಿಂದಲೇ ಬರೆಯಲು ಮನಸ್ಸು ಬರಲಿಲ್ಲ. ಆದರೂ ಇವತ್ತು ಬೆಳಿಗ್ಗೆ ಅವನು ಕೊಟ್ಟ ನೀಲಿ ಕಾಗದ ತುಂಬಿದೆ. ಅಪ್ಪನ ಕಣ್ಣು ಮುಚ್ಚಿರಲಿ. ಅವನು ಸತ್ತದ್ದು ಖರೆ, ನಾವೆಲ್ಲ ನೋಡಿದ್ದೇವೆ, ಅದರಲ್ಲಿ ನಾಚಿಕೆ ಏನಿದೆ? ಅವ್ವ ಅಲ್ಲಿ ನಿಂತಿದ್ದಳು ಎಂಬುದನ್ನು ಮಾತ್ರ ನಲವತ್ತೊಂದು ವರ್ಷ ಯಾರೂ ನೋಡಿಲ್ಲ. ಹೊಸ ಚೀಟಿ ಹೀಗಿರಬೇಕು: ‘ಪಾರಿಶ್ವಾಡದ ಮುತ್ತಪ್ಪನವರ ಅಂತ್ಯದರ್ಶನ, ೧೯೮೪. ಬಲಗಡೆ ಕಿಟಕಿಯ ಹತ್ತಿರ ಅವರ ಹೆಂಡತಿ ಬಾಳವ್ವ. ಛಾಯಾಗ್ರಹಣ: ಗುರುಪಾದಪ್ಪ.’ ನೋಡಿ, ನಿಮ್ಮ ಹೆಸರು ತೆಗೆದಿಲ್ಲ. ಈ ಫೋಟೋದಲ್ಲಿ ನನ್ನ ಕೆಲಸವೇನೂ ಇಲ್ಲವಾದ್ದರಿಂದ ನನ್ನ ಹೆಸರು ಹಾಕಿಲ್ಲ. ಮೇಜಿನ ಚೀಟಿ ಮಾತ್ರ ಬದಲಾಗಬೇಕು. ಅದರ ಮೇಲೆ ‘ಗಂಗಾದೇವಿಯವರ ಮೇಜು’ ಎಂದಿರಲಿ, ಆ ಫೌಂಟನ್ ಪೆನ್ನನ್ನು ಅವರು ಎಲ್ಲಿಂದ ತಂದರೋ ಅಲ್ಲಿಗೆ ಒಯ್ಯಲಿ.

ಸಹಿ ಹಾಕಿ. ನಿಮ್ಮ ಹೆಸರನ್ನಾದರೂ ಬರೆಯಲು ಬರುತ್ತದಲ್ಲ. ವಿನೀತನ ಕೈಗೆ ನೀವೇ ಕೊಡಿ, ಪೂರ್ಣಿಮಾಳ ಕೈಯಲ್ಲಿ ಕಳಿಸಬೇಡಿ. ಕೊಡುವಾಗ ಅವನು ಯಾಕೆ ಕತ್ತರಿಸಿದಿರಿ ಎಂದು ಕೇಳುತ್ತಾನೆ. ಬಾಯಿ ತೆರೆದು ಉತ್ತರ ಹೇಳಿ. ತಪ್ಪು ನನ್ನ ಹೆಂಡತಿಯದು ಎಂದೇ ಹೇಳಿ, ನನಗೇನೂ ಆಗುವುದಿಲ್ಲ.

ಇಷ್ಟೆ.

ಏಕಾಂಗಿ ಸಾಧಕರ ಧರ್ಮಪತ್ನಿ,
ಗಂಗಾದೇವಿ

ತಾ.ಕ.: ಆ ನೆಗೆಟಿವಿನಿಂದ ನನಗೂ ಒಂದು ಪ್ರಿಂಟು ಬೇಕು. ಮ್ಯೂಜಿಯಂನವರ ಯಂತ್ರದ ಕಾಗದಕ್ಕೆ ಬಣ್ಣ ಹತ್ತುವುದಿಲ್ಲ, ಹಳೆಯ ಬ್ರೋಮೈಡ್ ಕಾಗದವೇ ಆಗಬೇಕು. ನೀವು ಇನ್ನೂ ಒಂದು ಪಾಕೀಟು ಬಚ್ಚಿಟ್ಟುಕೊಂಡಿದ್ದೀರೆಂದು ಪೂರ್ಣಿಮಾ ಹೇಳಿದ್ದಾಳೆ. ಕಾಗದ ಹಳೆಯದಾದರೆ ಸ್ವಲ್ಪ ಬೂದು ತಿರುಗುತ್ತದೆ, ತಿರುಗಲಿ. ಪೂರ್ತಿ ಹಾಕಿ, ಕಿಟಕಿ ಸಮೇತ. ನನ್ನ ಕೈ ಇನ್ನೂ ನಡುಗುವುದಿಲ್ಲ. ಅಪ್ಪನ ಕಣ್ಣನ್ನು ಇನ್ನೊಮ್ಮೆ ತೆರೆಸಿ, ಬೆಳಕು ಯಾವ ಕಡೆ ಇಡಬೇಕೋ ಆ ಕಡೆ ಇಡುತ್ತೇನೆ. ಇದು ಯಾವ ಗೋಡೆಗೂ ಅಲ್ಲ, ನಮ್ಮ ಮನೆಗೆ. ಇಟ್ಟದ್ದು ಸರಿಯಿದೆಯೋ ಇಲ್ಲವೋ ಎಂದು ಈ ಸಲ ನನ್ನ ಬಾಜೂ ನಿಂತು ಹೇಳುವವರು ಬೇಕು. ಪ್ರಿಂಟನ್ನು ಪೋಸ್ಟಿನಲ್ಲಿ ಕಳಿಸಬೇಡಿ, ಮಡಚಿಹೋಗುತ್ತದೆ. ನೀವೇ ತನ್ನಿ.